ತಪ್ಪು ಉತ್ತರದ ಒಳಗುಟ್ಟು

ನಾಲ್ಕು ಮಂದಿಯ ಪಾಯಸಕ್ಕೆ 6 ಲೋಟ ಹಾಲು ಬೇಕಾದರೆ ಆರು ಮಂದಿಗೆ ಎಷ್ಟು ಬೇಕು? ನಿಮ್ಮ ಮನೆಯ ಮಕ್ಕಳನ್ನು ಕೇಳಿ ನೋಡಿ. 8 ಎಂದು ಹೇಳುವ ಹುಡುಗನನ್ನು ದಡ್ಡನೆಂದು ಗದರಿಸುವುದು ಸುಲಭ. ಆದರೆ ಅವನು ಆಲೋಚಿಸದೆ ಹೇಳಿದವನಲ್ಲ. ಇಬ್ಬರು ಹೆಚ್ಚಿದುದಕ್ಕೆ ಎರಡು ಲೋಟ ಹೆಚ್ಚಿಸಿದ್ದಾನೆ. ಗುಣಿಸಬೇಕಾದಲ್ಲಿ ಕೂಡಿದುದೇ ದೋಷ. ಸರಿಯಾದ ಉತ್ತರ 9.

1974ರಿಂದ 1979ರವರೆಗೆ ಲಂಡನ್ನಿನ ಚೆಲ್ಸೀ ಕಾಲೇಜಿನ ವಿದ್ವಾಂಸರು ಪ್ರೌಢಶಾಲೆಯ ಮಕ್ಕಳ ಗಣಿತ ವಿಜ್ಞಾನಗಳ ತಿಳಿವಳಿಕೆಯನ್ನು ಪರಿಶೋಧಿಸಿದರು. ಗಣಿತದಲ್ಲಿ ಅವರು ಲಿಖಿತ ಪರೀಕ್ಷೆಗಷ್ಟೇ ನಿಲ್ಲದೆ, ಮಕ್ಕಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ಉತ್ತರವನ್ನು ಹೇಗೆ ಕಂಡುಕೊಂಡೆಯೆಂದು ವಿಚಾರಿಸಿದರು. ಕ್ಯಾತ್ಲೀನ್ ಹಾರ್ಟ್ ಅವರು ಸಂಪಾದಿಸಿದ, 1981ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಗಣಿತಶೋಧನೆಯ ವಿವರವಿದೆ. ಕೂಡುವ ಈ ತಪ್ಪು ಒಬ್ಬಿಬ್ಬರದಲ್ಲ, ಅನೇಕ ಮಕ್ಕಳದು ಎಂಬುದು ಅದರಿಂದ ಸ್ಪಷ್ಟವಾಯಿತು.

ವಿಜ್ಞಾನದಲ್ಲಿಯೂ ಹೀಗೆಯೆ. ಮೇಲಕ್ಕೆಸೆದ ಚೆಂಡು ಏರುತ್ತಿರುವಾಗ ಕೈಯ ಬಲವು ಅದರೊಳಗೆ ಉಳಿದಿರುತ್ತದೆಂದು ಕಾಲೇಜಿಗೆ ಬಂದವರೂ ನಂಬುವುದುಂಟು. ನ್ಯೂಟನ್ನನ ನಿಯಮವನ್ನು ಬಾಯಿಪಾಠವಾಗಿ ಒಪ್ಪಿಸಿದ ಮಾತ್ರಕ್ಕೆ ಈ ನಂಬಿಕೆ ಅಳಿಯದು.

ಆದುದರಿಂದ ಉಪಾಧ್ಯಾಯನು ಪಾಠಕ್ಕೆ ಮೊದಲು ಒಂದು ಪ್ರಶ್ನೆ ಹಾಕಲಿ. ಉತ್ತರದ ಕಾರಣವನ್ನು ಕೇಳಲಿ. ಅದಕ್ಕೆ ತಕ್ಕಂತೆ ಬೋಧಿಸಲಿ. ಕೆಲವು ವಾರಗಳ ಬಳಿಕ ಅದೇ ಬಗೆಯ ಪ್ರಶ್ನೆಯನ್ನು ಮತ್ತೆ ಕೇಳಿ ಫಲವನ್ನು ಬರೆದಿಡಲಿ. ಇದೂ ಸಂಶೋಧನೆಯೆ. ಇದಕ್ಕೆ ಪ್ರಯೋಗಾಲಯ ಬೇಡ. ತಪ್ಪು ಹೇಳಿದ ಹುಡುಗನ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆಯೊಂದು ಬೇಕು. ಅದಿಲ್ಲದಿದ್ದರೆ ಅವನು ತಪ್ಪು ಹೇಳುವುದನ್ನಲ್ಲ, ಉತ್ತರ ಹೇಳುವುದನ್ನೇ ಬಿಟ್ಟಾನು.