ಬಾಟಲಿ ಬಿಯರು: ಮನೆಯಲ್ಲಿ ಇಡುವ ಬಗೆ

ಸಂಘದ ಪತ್ರಿಕೆಯಲ್ಲಿ ಬಿಯರಿನ ಮಾತೇ ಎಂದು ಕೆಲವರು ಮೂಗು ಮುರಿಯಬಹುದು. ಕುಡಿಯದವರೂ ದಯವಿಟ್ಟು ಓದಿ. ನಿಮ್ಮ ಮನೆಯ ಹಾಲಿನ ವಿಷಯವೂ ಇದರಲ್ಲಿದೆ. ಕ್ರಿಸ್‌ಮಸ್ಸಿಗೆ ಬರುವ ಸಹೋದ್ಯೋಗಿಗಳಿಗೆಂದು ಅರ್ಧ ಡಜನ್ ಬಾಟಲಿ ತಂದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸುವುದನ್ನು ನಾವು ಬರ್ಮಿಂಗ್‌ಹ್ಯಾಮಿನ ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಬಿಯರು ಕೆಡಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಬಿಯರಿಗೆ ಕಹಿ ಬರುವುದು ಹಾಪ್ ಎಂಬ ಬಳ್ಳಿಯ ಹೂವಿನಿಂದ. ಕುದಿಸಿದಾಗ ಅದರ ಸಾರ ಐಸೋಹ್ಯೂಮುಲೋನ್‌ಗಳಾಗುತ್ತದೆ. ಬಿಯರಿನಲ್ಲೇ ಇರುವ ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವ, ಬೆಳಕನ್ನು ಹೀರಿ ಇವನ್ನು ಒಡೆಯುತ್ತದೆ; ಒಡೆದ ಚೂರು ಗಂಧಕದೊಡನೆ ಕೂಡಿ ಒಂದು ಥಯೋಲ್ ಹುಟ್ಟುತ್ತದೆ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ಸಿಕ್ಕಿಬೀಳುತ್ತದೆ. ಅಮೆರಿಕದವರು ಇದನ್ನು ಸ್ಕಂಕ್ ಪ್ರಾಣಿಯ ನಾತಕ್ಕೆ ಹೋಲಿಸುತ್ತಾರೆ. ಕಂದು ಗಾಜು ಈ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟಕ್ಕಷ್ಟೆ, ಬಿಳಿ ಗಾಜಿನದು ಬರೀ ಅಂದ. ಬಿಸಿಲಿನಲ್ಲಿ ಅದಕ್ಕೆ ಕೆಲವು ನಿಮಿಷ ಸಾಕು.

ಹಾಲಿನಲ್ಲೂ ಇದೇ ರೈಬೋಫ್ಲೇವಿನ್ ಇದೆ. ಹಾಲಿನವನು ಹೊಸ್ತಿಲ ಬಳಿ ಇಟ್ಟುಹೋದ ಗಾಜಿನ ಬಾಟಲಿ ಬಿಸಿಲು ಕಂಡರೆ ರುಚಿಯೂ ಕೆಡುತ್ತದೆ, ಜೀವಸತ್ವವೂ ಹೋಗುತ್ತದೆ. ಕಾಫಿಗೆ ಮುಂಚೆಯೇ ಅದನ್ನು ಒಳಗೆ ತನ್ನಿ.

ಬೆಳಕಾದ ಮೇಲೆ ಶಾಖ. ಮುಚ್ಚಳದ ಕೆಳಗೆ ಉಳಿದ ಆಮ್ಲಜನಕ ನಿಧಾನವಾಗಿ ಬಿಯರಿಗೆ ಒದ್ದೆ ರಟ್ಟಿನ ರುಚಿ ತರುತ್ತದೆ, ಬೆಚ್ಚಗಿದ್ದಷ್ಟೂ ಬೇಗ. ಆದ್ದರಿಂದ ಬಾಯ್ಲರಿನ ಪಕ್ಕ, ಬಟ್ಟೆ ಒಣಗಿಸುವ ಬೀರು ಬೇಡ. ಲೀಡ್ಸಿನ ಹಳೆಯ ಸಾಲುಮನೆಗಳಲ್ಲಿರುವವರು ಭಾಗ್ಯವಂತರು: ನೆಲಮಾಳಿಗೆಯ 12 ಡಿಗ್ರಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಜನವರಿಯಲ್ಲಿ ಗ್ಯಾರೇಜು ಅಪಾಯ. ಸಾಧಾರಣ ಬಿಯರು ಸೊನ್ನೆಗಿಂತ 2-3 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ನೀರು ಮಂಜಾಗುವಾಗ ಶೇಕಡಾ 9ರಷ್ಟು ಹಿಗ್ಗುವುದರಿಂದ ಗಾಜು ಒಡೆಯಬಹುದು.

ವೈನಿನಂತೆ ಮಲಗಿಸಬೇಕೆಂದು ಕೆಲವರ ವಾದ. ವೈನನ್ನು ಮಲಗಿಸುವುದು ಬಿರಡೆ ಒಣಗದಿರಲೆಂದು. 1892ರಲ್ಲಿ ಬಾಲ್ಟಿಮೋರಿನ ವಿಲಿಯಂ ಪೇಂಟರ್ ಪೇಟೆಂಟ್ ಪಡೆದ ತಗಡಿನ ಮುಚ್ಚಳಕ್ಕೆ ಆ ಉಪಚಾರ ಬೇಡ. ಮಲಗಿಸಿದರೆ ಒಳಗಿನ ಗಾಳಿಗೆ ತಾಗುವ ಮೈ ಹೆಚ್ಚುತ್ತದೆ, ಅಷ್ಟೆ. ಬರ್ಟನ್ ಊರಿನ ವರ್ದಿಂಗ್ಟನ್ ವೈಟ್ ಶೀಲ್ಡ್‌ನಂತೆ ಬಾಟಲಿಯಲ್ಲೇ ಯೀಸ್ಟ್ ಉಳಿಸಿದ ಬಿಯರನ್ನಂತೂ ನಿಲ್ಲಿಸಿಯೇ ಇಡಬೇಕು. ಗಸಿ ತಳ ಸೇರಲು ಒಂದು ದಿನ ಬಿಟ್ಟು, ತಿಳಿಸಾರು ಬಗ್ಗಿಸುವಂತೆ ಮೆಲ್ಲಗೆ ಸುರಿಯಿರಿ.

1963ರಲ್ಲಿ ಲೈಸೆನ್ಸ್ ತೆಗೆದ ಮೇಲೆ ಈ ದೇಶದಲ್ಲಿ ಮನೆಯಲ್ಲೇ ಬಿಯರು ಮಾಡುವವರು ಹೆಚ್ಚಿದರು, ನಮ್ಮವರಲ್ಲೂ ಇದ್ದಾರೆ. ಅವರಿಗೊಂದು ಎಚ್ಚರಿಕೆ. 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು 1 ಲೀಟರ್ ಅನಿಲ ಹುಟ್ಟುತ್ತದೆ. ಹುದುಗು ಪೂರ್ತಿ ನಿಲ್ಲುವ ಮೊದಲೇ ಮುಚ್ಚಳ ಬಿಗಿದರೆ ಬಾಟಲಿ ಸಿಡಿದು ಗಾಜು ಕೋಣೆಯೆಲ್ಲ ಚಿಮ್ಮುತ್ತದೆ. ದಪ್ಪ ಗಾಜಿನ ಬಿಯರ್ ಬಾಟಲಿಗಳನ್ನೇ ಬಳಸಿ, ಮುಚ್ಚಳವಿರುವ ಮರದ ಪೆಟ್ಟಿಗೆಯಲ್ಲಿಡಿ. ಆ ಪೆಟ್ಟಿಗೆ ಮಕ್ಕಳು ಆಡುವ ಜಾಗದಲ್ಲಿ ಬೇಡ.