ಗ್ಯಾರೇಜಿನ ಕಾಯಕದಲ್ಲಿ ಹೊತ್ತಿನ ಬೆಲೆ

ಎತ್ತಿನ ಕೊರಳಗಂಟೆ ಕೇಳುತ್ತಿದ್ದ ಹೊಲಗಳಲ್ಲಿ ಇಂದು ಟ್ರ್ಯಾಕ್ಟರಿನ ಸದ್ದು ಕೇಳುತ್ತಿದೆ. ಊರಿನ ಕಮ್ಮಾರ, ಬಡಿಗರ ಸಾಲಿನಲ್ಲಿ ಮೋಟಾರು ಮಿಸ್ತ್ರಿಯೂ ಬಂದು ನಿಂತಿದ್ದಾನೆ. ಕೊಪ್ಪಳ, ಗಂಗಾವತಿ, ಯಲಬುರ್ಗಾ ಪಟ್ಟಣಗಳಲ್ಲಿಯೂ ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿ ಹಾದುಹೋಗುವ ಕುಷ್ಟಗಿಯಲ್ಲಿಯೂ ಗ್ಯಾರೇಜನ್ನೇ ನಂಬಿ ಬಾಳುವ ಮನೆತನಗಳುಂಟು. ಮುಂಜಾನೆಯಿಂದ ರಾತ್ರಿಯವರೆಗೆ ದುಡಿದರೂ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯದೆಂಬ ಕೊರಗು ಇಂಥ ಮನೆಗಳಲ್ಲಿ ಕೇಳಿಬರುತ್ತದೆ. ಕೈಯಲ್ಲಿ ಕಸುಬಿದ್ದೂ ಹೀಗಾಗುವುದೇಕೆ? ಕಸುಬಿನ ಕೊರತೆಗಿಂತ ವ್ಯವಸ್ಥೆಯ ಕೊರತೆಯೇ ಇದಕ್ಕೆ ಕಾರಣವೆಂದು ತೋರುತ್ತದೆ.

ಈ ಸೀಮೆಯಲ್ಲಿ ಹೊತ್ತಿನ ಬೆಲೆ ಸಾಮಾನ್ಯವಾದುದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ, ಕಾರಟಗಿಯ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರು ಕೆಸರಿನಲ್ಲಿಯೇ ಮುಳುಗಿ ಉಳುತ್ತದೆ. ಸೀಲು ಸವೆದರೆ ಕೆಸರುನೀರು ಒಳನುಗ್ಗಿ ಬೇರಿಂಗುಗಳನ್ನು ಕೆಡಿಸುತ್ತದೆ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳಲ್ಲಿ ಧೂಳು ಗಾಳಿಶೋಧಕವನ್ನು ಮುಚ್ಚಿ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಬಿತ್ತುವ ಹದ ಕಾಯುವುದಿಲ್ಲ. ಬಲಿತ ತೆನೆಯೂ ಕಾಯುವುದಿಲ್ಲ. ಹದದ ದಿನಗಳಲ್ಲಿ ಟ್ರ್ಯಾಕ್ಟರು ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಒಕ್ಕಲಿಗನಿಗಾಗುವ ಹಾನಿ ರಿಪೇರಿಯ ಖರ್ಚನ್ನು ಮೀರಬಹುದು. ಆದುದರಿಂದ ಮಿಸ್ತ್ರಿಯ ಅಚ್ಚುಕಟ್ಟುತನವು ಅವನ ಲಾಭದ ಮಾತಷ್ಟೇ ಅಲ್ಲ, ಇನ್ನೊಂದು ಮನೆಯ ಅನ್ನದ ಮಾತೂ ಹೌದು.

ಹೊತ್ತು ಪೋಲಾಗುವುದು ಪಾನಾ ಹಿಡಿದಾಗಲ್ಲ, ಪಾನಾ ಹುಡುಕುವಾಗ. ಇಬ್ಬರು ಕೆಲಸಗಾರರು ದಿನಕ್ಕೆ ಒಂದೊಂದು ತಾಸನ್ನು ಹುಡುಕಾಟದಲ್ಲಿ, ಪೇಟೆಗೆ ತಿರುಗುವುದರಲ್ಲಿ ಕಳೆದರೆ 25 ದಿನಗಳಿಗೆ 50 ತಾಸುಗಳಾದವು. 8 ತಾಸಿನ ದಿನವೆಂದು ಹಿಡಿದರೂ ತಿಂಗಳಲ್ಲಿ ಆರು ದಿನಗಳ ಕೂಲಿ ಮಣ್ಣುಪಾಲಾದಂತೆ.

ಇದಕ್ಕೆ ಪರಿಹಾರಗಳು ಸರಳವಾಗಿವೆ. ಮೊದಲನೆಯದು, ಬರವಣಿಗೆ. ಗಾಡಿ ಬಂದ ಕೂಡಲೇ ಅದರ ನಂಬರು, ಓಡಿದ ಕಿಲೋಮೀಟರು ಅಥವಾ ತಾಸು, ಮಾಲೀಕನು ಹೇಳಿದ ದೋಷ, ಅಂದಾಜು ಖರ್ಚು, ಕೊಡುವ ದಿನ ಇವಿಷ್ಟನ್ನೂ ಪುಸ್ತಕದಲ್ಲಿ ಬರೆಯಬೇಕು. ಎರಡನೆಯದು, ಬಿಚ್ಚುವ ಮೊದಲು ಪರೀಕ್ಷೆ. ಬೇಕಾಗುವ ಸಾಮಾನುಗಳ ಪಟ್ಟಿ ಮಾಡಿ, ಹಳೆಯ ಸೀಲಿನ ಅಳತೆ ಹಿಡಿದು ಹೋದರೆ ಒಂದೇ ಸಲಕ್ಕೆ ಕೆಲಸವಾಗುತ್ತದೆ. ಮೂರನೆಯದು, ಪ್ರತಿ ಸಲಕರಣೆಗೂ ನಿಶ್ಚಿತ ಸ್ಥಾನ. ಗೋಡೆಯ ಹಲಗೆಯ ಮೇಲೆ ಪಾನಾಗಳ ಆಕಾರ ಬರೆದಿಟ್ಟರೆ ಯಾವುದು ಮರಳಿ ಬಂದಿಲ್ಲವೆಂಬುದು ಸಂಜೆ ಕಣ್ಣಿಗೆ ಬೀಳುತ್ತದೆ. ಬಿಚ್ಚಿದ ನಟ್ಟು ಬೋಲ್ಟುಗಳು ಗಾಡಿಗೊಂದು ತಟ್ಟೆಯಲ್ಲಿರಲಿ. ನಾಲ್ಕನೆಯದು, ಸುಗ್ಗಿಯ ಪೂರ್ವಸಿದ್ಧತೆ. ಕಳೆದ ವರ್ಷದ ಪುಸ್ತಕವೇ ಈ ವರ್ಷ ಯಾವ ಫಿಲ್ಟರು, ಬೆಲ್ಟು, ಕ್ಲಚ್ ಪ್ಲೇಟುಗಳು ಬೇಕಾದಾವೆಂದು ಹೇಳುತ್ತದೆ. ಮುಂಗಾರಿಗೆ ತಿಂಗಳ ಮೊದಲೇ ಹಳೆಯ ಗಿರಾಕಿಗಳನ್ನು ಕರೆದು ಗಾಡಿಗಳನ್ನು ಪರೀಕ್ಷಿಸಿಕೊಟ್ಟರೆ ಹದದ ದಿನಗಳ ನೂಕುನುಗ್ಗಲು ತಗ್ಗುತ್ತದೆ.

ಇನ್ನು ಉದ್ರಿಯ ವಿಷಯ. ಒಕ್ಕಲಿಗನಿಗೆ ಹಣ ಬರುವುದು ಮಾಲು ಮಾರಿದ ಮೇಲೆ. ಬಿಡಿಭಾಗದ ಅಂಗಡಿಯವನು ಅಷ್ಟು ದಿನ ಕಾಯಲಾರ. ಸಾಮಾನಿನ ಬೆಲೆಯನ್ನು ಮೊದಲೇ ಪಡೆದು, ಕೂಲಿಗೆ ಮಾತ್ರ ಗಡುವು ಕೊಡುವುದು ಇಬ್ಬರಿಗೂ ಹಿತ. ಬಿಲ್ಲಿನಲ್ಲಿ ಇವೆರಡನ್ನೂ ಬೇರೆಬೇರೆ ಬರೆದು, ತೆಗೆದ ಹಳೆಯ ಭಾಗವನ್ನು ಮಾಲೀಕನ ಕೈಗೆ ಕೊಟ್ಟರೆ ಸಂಶಯಕ್ಕೆ ಎಡೆಯಿಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಪತಿ ಮಾರಯ್ಯನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲುದೇ. ಕೆಡದ ಭಾಗವನ್ನು ಬದಲಿಸಿ ಪಡೆದ ಹಣವೂ ಅಂಥ ಹೆಚ್ಚಿನ ಅಕ್ಕಿಯೇ.

ಕಾಲವೂ ಬದಲಾಗಿದೆ. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ಮಾನಕದ ವಾಹನಗಳಷ್ಟೇ ಹೊಸದಾಗಿ ಮಾರಾಟವಾಗುತ್ತಿವೆ. ಇವುಗಳ ದೋಷವನ್ನು ಕಿವಿಯಿಂದ ಕೇಳಿ ಅರಿತರೆ ಸಾಲದು, ಸ್ಕ್ಯಾನರ್ ಯಂತ್ರದಿಂದ ಓದಬೇಕು. ಒಬ್ಬನಿಗೆ ಅದನ್ನು ಕೊಳ್ಳುವುದು ಭಾರವಾದರೆ ಒಂದೂರಿನ ನಾಲ್ವರು ಕೂಡಿ ಕೊಳ್ಳಬಹುದು. ವಿದ್ಯೆಯೂ ಬೇಕು. 1986ರ ಬಾಲಕಾರ್ಮಿಕ ಕಾಯಿದೆಯು 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸಿದೆ. ಕಾಯಿದೆಯ ಭಯಕ್ಕಿಂತಲೂ ವಿವೇಕದಿಂದ ಹುಡುಗನನ್ನು ಶಾಲೆಗೆ, ಬಳಿಕ ಐ.ಟಿ.ಐ.ಗೆ ಕಳಿಸುವುದು ಮೇಲು. ಅಕ್ಷರ ಬಲ್ಲವನೇ ಮುಂದೆ ಯಂತ್ರದ ಕೈಪಿಡಿಯನ್ನು ಓದಬಲ್ಲನು.

ಸಣ್ಣ ಅಂಗಡಿಯಿಂದ ಏನಾದೀತು ಎನ್ನುವವರಿಗೆ ನಿದರ್ಶನ ಸಮೀಪದಲ್ಲಿಯೇ ಇದೆ. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಅಣ್ಣನೊಡನೆ ಸೈಕಲ್ ಅಂಗಡಿ ಆರಂಭಿಸಿದರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳತ್ತ ಅವರ ಕಸುಬು ಬೆಳೆಯಿತು. 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಕಬ್ಬಿಣದ ನೇಗಿಲನ್ನು ಕಂಡು ರೈತರು ಮೊದಮೊದಲು ಹಿಂಜರಿದರೂ ಅವರು ಧೃತಿಗೆಡದೆ ವಿಶ್ವಾಸ ಗಳಿಸಿದರು. ಅದೇ ಮನೆತನದ ಹೆಸರಿನ ಎರಕದ ಕಾರ್ಖಾನೆಯೊಂದು ಇಂದು ಕೊಪ್ಪಳ ತಾಲೂಕಿನ ಬೇವಿನಹಳ್ಳಿಯಲ್ಲಿದೆ. ಟ್ರ್ಯಾಕ್ಟರು, ಮೋಟಾರುಗಳ ಎಂಜಿನ್ನಿಗೆ ಬೇಕಾದ ಸಿಲಿಂಡರ್ ಬ್ಲಾಕುಗಳನ್ನು ಅಲ್ಲಿ ಎರಕ ಹೊಯ್ಯುತ್ತಾರೆ.

ಎಲ್ಲರೂ ಕಾರ್ಖಾನೆ ಕಟ್ಟಬೇಕಿಲ್ಲ. ಹೇಳಿದ ದಿನ ಗಾಡಿ ಕೊಡುವ ಮಿಸ್ತ್ರಿಯೆಂಬ ಹೆಸರು ಊರಿನಲ್ಲಿ ಹಬ್ಬಿದರೆ ಸಾಕು. ಗಿರಾಕಿ ತಾನಾಗಿ ಬರುತ್ತಾನೆ, ರಾತ್ರಿ ಹೊತ್ತಿಗೆ ಮನೆಯವರ ಸಂಗಡ ಕುಳಿತು ಉಣ್ಣುವ ಬಿಡುವೂ ದೊರೆಯುತ್ತದೆ. ಗ್ಯಾರೇಜಿರುವ ಮನೆಯವರು ನಾಳೆಯೇ ಒಂದು ಪುಸ್ತಕ ತಂದು ಮೊದಲ ಗಾಡಿಯ ನಂಬರು ಬರೆಯಲಿ.