ಯಂತ್ರದ ನೆನಪು

ಲೋಹವನ್ನು ಕೊರೆಯುವ ಯಂತ್ರಗಳ ಚಲನೆಯನ್ನು ಇಂದು ಗಣಕವೇ ನಡೆಸುವುದು. ಹೆಣ್ಣುಮಕ್ಕಳೂ ಅವುಗಳ ಮುಂದೆ ನಿಂತು ದುಡಿಯುವ ಕಾಲವಿದು. ಆದುದರಿಂದ ಅವುಗಳ ನೆನಪಿನ ಬಗೆಯನ್ನು ತಂದೆತಾಯಿಗಳೂ ತಿಳಿದಿರುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಬೀಜಗಣಿತದ 'ಕ್ಷ'ವು ಬೇರೆ ಬೇರೆ ಬೆಲೆಗಳನ್ನು ತಾಳುವಂತೆ, ಗಣಕದಲ್ಲಿ ಸಂಖ್ಯೆಯಿಟ್ಟ ಮನೆಗಳು ಬೆಲೆಗಳನ್ನು ತಾಳುವುವು. ಇವೇ ಚರರಾಶಿಗಳು. ಜಪಾನಿನ ಫಾನುಕ್ ನಿಯಂತ್ರಕದಲ್ಲಿ 1ರಿಂದ 33ರವರೆಗಿನ ಮನೆಗಳು ಒಂದು ಕಿರು ಆಜ್ಞಾವಳಿಗೆ ಮಾತ್ರ ಸೇರಿದವು. ಅದು ಮುಗಿದೊಡನೆ ಬರಿದಾಗುವುವು. 100ರಿಂದ 199ರವರೆಗಿನವು ಎಲ್ಲ ಆಜ್ಞಾವಳಿಗಳಿಗೂ ಸಾಮಾನ್ಯ. ಆದರೆ ವಿದ್ಯುತ್ತು ನಿಂತರೆ, ಸ್ಲೇಟಿನ ಲೆಕ್ಕದಂತೆ, ಸಾಧಾರಣವಾಗಿ ಅಳಿಸಿಹೋಗುವುವು. 500ರಿಂದ ಆರಂಭವಾಗುವವು ಹಾಜರಿ ಪುಸ್ತಕದ ಬರಹದಂತೆ ಉಳಿಯುವುವು.

ಬರಿದಾದ ಮನೆಯೂ ಸೊನ್ನೆಯೂ ಒಂದೇ ಅಲ್ಲವೆಂಬುದನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಮನೆಯಲ್ಲಿರುವ ಬೆಲೆಯ ಸ್ಥಾನಕ್ಕೆ ಹೋಗೆಂದು ಆಜ್ಞಾಪಿಸಿದಾಗ, ಮನೆ ಬರಿದಾಗಿದ್ದರೆ ಆ ಅಕ್ಷವು ಕದಲದು. ಸೊನ್ನೆಯಿದ್ದರೆ ಸೊನ್ನೆಯ ಸ್ಥಾನಕ್ಕೆ ಧಾವಿಸುವುದು. ದಾರಿಯಲ್ಲಿ ಅಡ್ಡವಿರುವುದಕ್ಕೆ ಉಳಿಗಾಲವಿಲ್ಲ.

ಉಳಿಯುವ ನೆನಪಿಗೂ ಪೋಷಣೆ ಬೇಕು. ಹಲವು ಯಂತ್ರಗಳಲ್ಲಿ ಅದನ್ನು ಒಂದು ಸಣ್ಣ ಬ್ಯಾಟರಿಯು ಕಾಯುವುದು. ಅದು ಬತ್ತಿದರೆ ಎಲ್ಲವೂ ನಷ್ಟ. ಆದುದರಿಂದ ಮೊದಲು ಪ್ರತಿಯೊಂದನ್ನು ತೆಗೆದಿಟ್ಟು, ಯಂತ್ರಕ್ಕೆ ವಿದ್ಯುತ್ತು ಹರಿಯುತ್ತಿರುವಾಗಲೇ, ತಿಳಿದವರು ಬ್ಯಾಟರಿಯನ್ನು ಬದಲಾಯಿಸುವರು.

ಯಂತ್ರವು ಕೊಟ್ಟದ್ದನ್ನು ಮಾತ್ರ ಇಟ್ಟುಕೊಳ್ಳುವುದು. ಯಾವುದನ್ನು ಸ್ಲೇಟಿನಲ್ಲಿ, ಯಾವುದನ್ನು ಪುಸ್ತಕದಲ್ಲಿ ಬರೆಯಬೇಕೆಂಬ ವಿವೇಕವು ನಮ್ಮ ಹುಡುಗಿಯರದಾಗಿರಲಿ.